ಆಫರ್ ಲೆಟರ್ ಕೈಗೆ ಬಂದಾಗ: ಕನ್ಸಲ್ಟಿಂಗ್ ಕೆಲಸಕ್ಕೆ ಹೊರಟ ನಮ್ಮ ಹಾಸನದ ಮಕ್ಕಳಿಗೆ

ದೀಪಾವಳಿ ಹೊತ್ತಿಗೆ ಹಾಸನಾಂಬೆ ದರ್ಶನಕ್ಕೆ ಅಂತ ಊರಿಗೆ ಹೋಗಿದ್ದೆ. ಸಾಲಿನಲ್ಲಿ ನಿಂತು ಮನೆಗೆ ಬರುವಷ್ಟರಲ್ಲಿ ಕಾಲು ಸೋತಿತ್ತು. ಚಿಕ್ಕಮ್ಮನ ಮನೆ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ, ಅವರ ಮಗ ಬಂದು ಮೊಬೈಲ್ ಮುಂದೆ ಹಿಡಿದ. ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವನಿಗೆ ಕೊನೆಯ ವರ್ಷ. ಕನ್ಸಲ್ಟಿಂಗ್ ಕಂಪನಿಯೊಂದರಿಂದ ಆಫರ್ ಬಂದಿದೆ. "ಅಕ್ಕ, ಆರೂವರೆ ಲಕ್ಷ! ತಿಂಗಳಿಗೆ ಐವತ್ನಾಲ್ಕು ಸಾವಿರ ಆಯ್ತು" ಅಂದ. ಹನ್ನೆರಡರಿಂದ ಭಾಗಿಸಿ ಅಪ್ಪನಿಗೆ ಹೇಳಿಯೂ ಆಗಿತ್ತು. ಚಿಕ್ಕಪ್ಪ ಒಳಗಿನಿಂದಲೇ ಕಾರಿನ ಕಂತು ಎಷ್ಟು ಬೀಳುತ್ತೆ ಅಂತ ಕೇಳುತ್ತಿದ್ದರು.

"ಕೆಳಗೆ ಇಳಿಸು, ಕೊನೆಯ ಪುಟ ತೋರಿಸು" ಅಂದೆ.

ನಾನು ಟೆಕ್ನಾಲಜಿ ಕನ್ಸಲ್ಟಿಂಗ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಹಾಸನ, ಸಕಲೇಶಪುರ, ಬೇಲೂರು ಕಡೆಯಿಂದ ಪ್ರತಿ ವರ್ಷ ಒಬ್ಬರಲ್ಲ ಒಬ್ಬರು ಫೋನ್ ಮಾಡಿ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಆ ಸಂಜೆ ಅವನಿಗೆ ಹೇಳಿದ್ದನ್ನೂ, ಉಳಿದವರಿಗೆ ಫೋನಿನಲ್ಲಿ ಹೇಳುತ್ತಾ ಬಂದಿದ್ದನ್ನೂ ಇಲ್ಲಿ ಸೇರಿಸಿ ಬರೆದಿದ್ದೇನೆ. ಎಲ್ಲಕ್ಕೂ ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಕನ್ಸಲ್ಟಿಂಗ್ ಅಂದರೆ ಬೇರೆ ಕಂಪನಿಗಳಿಗೆ ಸಲಹೆ ಕೊಡುವುದು, ಕೆಲಸ ಮಾಡಿಕೊಡುವುದು. ಲೆಕ್ಕದಲ್ಲಿ ಅದು ಗಂಟೆ ಮಾರುವ ವ್ಯಾಪಾರ. ಮಾರುವವರು ಕಂಪನಿಯವರು, ಕೊಳ್ಳುವವರು ಕ್ಲೈಂಟು, ಮಾರಾಟ ಆಗುವುದು ನಿಮ್ಮ ಗಂಟೆ. ಸಂಬಳ, ಪ್ರಮೋಷನ್, ರಾತ್ರಿ ಕಾಲ್, ಬೆಂಚ್ (ಪ್ರಾಜೆಕ್ಟ್ ಇಲ್ಲದೆ ಕಾಯುವುದು), ಎಲ್ಲವೂ ಇದೊಂದರಿಂದಲೇ ಹುಟ್ಟುತ್ತವೆ. ಈ ಲೆಕ್ಕ ಗೊತ್ತಿಲ್ಲದೆ ಕೆಲಸಕ್ಕೆ ಸೇರಿದವರು ಬೇಗ ಸುಸ್ತಾಗುವುದನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು.

ಮೊದಲು ಔಟ್‌ಟರ್ನ್ ತೆಗೆಯಿರಿ

ಸಿಟಿಸಿ ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಕಾಫಿ ಬೆಳೆಯುವ ಮನೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಒಣಗಿಸಿದ ರೊಬಸ್ಟಾ ಚೆರ್ರಿಯನ್ನು 50 ಕೆಜಿ ಮೂಟೆಯಲ್ಲಿ ವ್ಯಾಪಾರಿಗೆ ಹಾಕುತ್ತೇವೆ, ಅಲ್ವಾ. ಅವರು ರೇಟು ಕಟ್ಟುವುದು ಮೂಟೆ ತೂಕಕ್ಕಲ್ಲ. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಒಳಗೆ ಬೀಜ ಎಷ್ಟಿದೆ ಅಂತ ತೂಗಿ ಔಟ್‌ಟರ್ನ್ ಹೇಳುತ್ತಾರೆ. ಮೂಟೆಗೆ 26 ಕೆಜಿ ಬರುತ್ತದೆ, ಒಳ್ಳೆ ಫಸಲಾದರೆ 28. ಸಿಟಿಸಿ ಅನ್ನುವುದು ಮೂಟೆ ತೂಕ. ತಿಂಗಳಿಗೆ ಬ್ಯಾಂಕಿಗೆ ಬೀಳುವುದು ಬೀಜದ ತೂಕ.

ನಮ್ಮ ಹುಡುಗನ ಲೆಟರನ್ನೇ ಬಿಡಿಸೋಣ. ಒಟ್ಟು 6,50,000. ಅದರಲ್ಲಿ 60,000 ವೇರಿಯಬಲ್ ಪೇ, ಅಂದರೆ ವರ್ಷ ಮುಗಿದ ಮೇಲೆ ಕಂಪನಿಯ ಲಾಭ ಮತ್ತು ನಿಮ್ಮ ರೇಟಿಂಗ್ ನೋಡಿ ಕೊಡುವುದು, ಪೂರ್ತಿ ಕೊಡಬಹುದು, ಅರ್ಧ ಕೊಡಬಹುದು, ಕೊಡದೆಯೂ ಇರಬಹುದು. 50,000 ಜಾಯಿನಿಂಗ್ ಬೋನಸ್, ಒಂದೇ ಸಲ, ಮುಂದಿನ ವರ್ಷ ಇಲ್ಲ. ಬೇಸಿಕ್, ಅಂದರೆ ಮೂಲ ಸಂಬಳ, ತಿಂಗಳಿಗೆ 25,000. ಅದರ ಶೇ. 12 ಕಂಪನಿ ಪಾಲಿನ ಪಿಎಫ್ (ಭವಿಷ್ಯ ನಿಧಿ), ವರ್ಷಕ್ಕೆ 36,000. ಬೇಸಿಕ್‌ನ ಶೇ. 4.81 ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಕೊಡುವ ಹಣ), 14,430. ಆರೋಗ್ಯ ವಿಮೆಯ ಕಂತು 9,570. ಇವೆಲ್ಲ ಸೇರಿ 1,70,000 ಪಕ್ಕಕ್ಕೆ ಹೋಯಿತು. ಉಳಿದದ್ದು 4,80,000, ತಿಂಗಳಿಗೆ 40,000. ಅದರಲ್ಲಿ ಅವನ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200. ಕೈಗೆ ಬರುವುದು 36,800. ಐವತ್ನಾಲ್ಕು ಸಾವಿರ ಎಲ್ಲಿ, ಇದೆಲ್ಲಿ! 50 ಕೆಜಿ ಮೂಟೆ ಲೆಕ್ಕದಲ್ಲಿ ಹೇಳುವುದಾದರೆ ಔಟ್‌ಟರ್ನ್ 34.

ಇದರಲ್ಲಿ ಮೋಸ ಏನೂ ಇಲ್ಲ. ಪಿಎಫ್‌ಗೆ ಹೋದ ದುಡ್ಡು ನಿಮ್ಮದೇ, 2024-25ರಲ್ಲಿ ಅದಕ್ಕೆ ಶೇ. 8.25 ಬಡ್ಡಿ ಕೊಟ್ಟರು, ಆ ದುಡ್ಡನ್ನು ಮುಟ್ಟದೆ ಬಿಡಿ. ಗ್ರಾಚ್ಯುಟಿ ಕಥೆ ಬೇರೆ. ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ಸರ್ವೀಸ್ ಆದ ಮೇಲೆ ಮಾತ್ರ ಅದು ಕೈಗೆ ಸಿಗುತ್ತದೆ. ಕನ್ಸಲ್ಟಿಂಗ್‌ನಲ್ಲಿ ಮೂರು ವರ್ಷಕ್ಕೆ ಕಂಪನಿ ಬದಲಾಯಿಸುವವರೇ ಜಾಸ್ತಿ, ಹಾಗಾಗಿ ಅದನ್ನು ಲೆಕ್ಕದಿಂದ ಬಿಟ್ಟೇ ಬಿಡಿ. ಆದಾಯ ತೆರಿಗೆ ಬಗ್ಗೆ ಹೊಸಬರು ಸುಮ್ನೆ ಹೆದರುತ್ತಾರೆ. 2025-26ರಿಂದ ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ, ಸಂಬಳ 12.75 ಲಕ್ಷದವರೆಗೆ ಇದ್ದರೆ ತೆರಿಗೆ ಸೊನ್ನೆ.

ಸಹಿ ಹಾಕುವ ಮೊದಲು ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ. ಫೋನಿನಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತದೆ, ಮೇಲ್‌ನಲ್ಲೇ ಕೇಳಿ. ವೇರಿಯಬಲ್‌ನಲ್ಲಿ ಕಳೆದ ಎರಡು ವರ್ಷ ನನ್ನ ಗ್ರೇಡಿನವರಿಗೆ ಶೇಕಡ ಎಷ್ಟು ಕೊಟ್ಟಿದ್ದೀರಿ? ಜಾಯಿನಿಂಗ್ ಬೋನಸ್ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು? ನಾನು ಯಾವ ಗ್ರೇಡ್? ಕೊನೆಯ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ, ಅದೇ ಮುಖ್ಯ. ಮುಂದಿನ ಹೈಕ್, ಮುಂದಿನ ಪ್ರಮೋಷನ್ ಎರಡೂ ಗ್ರೇಡ್ ಹಿಡಿದು ಬರುತ್ತವೆ. ಎರಡು ವರ್ಷ ಅನುಭವ ಇದ್ದು ಹೊಸಬರ ಗ್ರೇಡಿಗೆ ಸೇರಿಸುತ್ತಿದ್ದರೆ ಮೂವತ್ತು ಸಾವಿರ ಜಾಸ್ತಿ ಕೇಳುವುದಕ್ಕಿಂತ ಒಂದು ಗ್ರೇಡ್ ಮೇಲೆ ಕೇಳಿ.

ಯಾವ ಬಾಗಿಲಿಂದ ಒಳಗೆ ಹೋಗುತ್ತಿದ್ದೀರಿ

ಕನ್ಸಲ್ಟಿಂಗ್ ಅನ್ನುವ ಒಂದೇ ಹೆಸರಿನ ಕೆಳಗೆ ನಾಲ್ಕೈದು ಬೇರೆ ಬೇರೆ ಕೆಲಸಗಳಿವೆ. ಮೆಕಿನ್ಸಿ, ಬಿಸಿಜಿ, ಬೇನ್ ಈ ಮೂರು ಹಳೆಯ ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಸಂಸ್ಥೆಗಳು. ಮೆಕಿನ್ಸಿ 1926ರದು, ಬಿಸಿಜಿ 1963, ಬೇನ್ 1973. ಹೊಸ ಫ್ಯಾಕ್ಟರಿ ಹಾಕಬೇಕಾ, ಬೆಲೆ ಏರಿಸಬೇಕಾ, ಆ ಕಂಪನಿ ಕೊಳ್ಳಬೇಕಾ ಅಂತ ದೊಡ್ಡ ಕಂಪನಿಗಳ ಮೇಲಿನವರಿಗೆ ಸಲಹೆ ಕೊಡುವವರು. ಡೆಲಾಯ್ಟ್, ಪಿಡಬ್ಲ್ಯೂಸಿ, ಇವೈ, ಕೆಪಿಎಂಜಿ ಈ ನಾಲ್ಕು ಆಡಿಟ್‌ನಿಂದ ಬೆಳೆದವು, ಈಗ ಎಲ್ಲ ತರಹದ ಕನ್ಸಲ್ಟಿಂಗ್ ಮಾಡುತ್ತವೆ. ಅಕ್ಸೆಂಚರ್, ಐಬಿಎಂ, ಕ್ಯಾಪ್‌ಜೆಮಿನೈ, ಜೊತೆಗೆ ನಮ್ಮ ಇನ್ಫೋಸಿಸ್, ಟಿಸಿಎಸ್, ವಿಪ್ರೋ ಇವು ಟೆಕ್ನಾಲಜಿ ಕಡೆ. ಎಸ್ಎಪಿ (ಕಂಪನಿಯ ಲೆಕ್ಕಪತ್ರ, ವ್ಯವಹಾರ ನೋಡಿಕೊಳ್ಳುವ ಸಾಫ್ಟ್‌ವೇರ್) ಹಾಕಿಸುವುದು, ಕ್ಲೌಡ್‌ಗೆ ಸಾಗಿಸುವುದು, ಡೇಟಾ ಕೆಲಸ.

ನಮ್ಮ ಕಡೆಯ ಕಾಲೇಜಿನಿಂದ ಮೊದಲ ಮೂರಕ್ಕೆ ನೇರ ದಾರಿ ಬಹಳ ಕಿರಿದು. ಅವರು ಬಹುಪಾಲು ಐಐಎಂ, ಐಐಟಿಯಂಥ ಕೆಲವೇ ಕ್ಯಾಂಪಸ್‌ಗಳಿಂದ ತೆಗೆದುಕೊಳ್ಳುತ್ತಾರೆ. ಇದನ್ನು ಹೇಳಿ ನಿಮ್ಮ ಉತ್ಸಾಹ ಕೆಡಿಸುವ ಉದ್ದೇಶ ನನಗಿಲ್ಲ, ದಾರಿ ಗೊತ್ತಿದ್ದರೆ ವರ್ಷ ಉಳಿಯುತ್ತದೆ ಅಂತ ಹೇಳುತ್ತಿದ್ದೇನೆ. ಟೆಕ್ನಾಲಜಿ ಕಡೆಯಿಂದ ಸೇರಿ, ಎರಡು ಮೂರು ವರ್ಷ ಗಟ್ಟಿ ಕೆಲಸ ಮಾಡಿ, ಕ್ಯಾಟ್ ಅಥವಾ ಜಿಮ್ಯಾಟ್ ಪ್ರವೇಶ ಪರೀಕ್ಷೆ ಬರೆದು ಒಳ್ಳೆಯ ಕಡೆ ಎಂಬಿಎ ಮಾಡಿ ಆ ಕಡೆ ದಾಟುವುದು ನಮ್ಮವರಿಗೆ ನಿಜವಾಗಿ ಇರುವ ದಾರಿ. ಬೆಂಗಳೂರು ಐಐಎಂನಂಥ ಕಡೆ ಎರಡು ವರ್ಷದ ಫೀಸು ಇಪ್ಪತ್ತು ಲಕ್ಷ ದಾಟುತ್ತದೆ, ಅದನ್ನೂ ಮನೆಯವರ ಜೊತೆ ಕೂತು ಮಾತಾಡಿ. ದಾಟಲೇಬೇಕು ಅಂತೇನೂ ಇಲ್ಲ. ಟೆಕ್ನಾಲಜಿಯಲ್ಲೇ ಉಳಿದು ಬ್ಯಾಂಕಿಂಗೋ, ವಿಮೆಯೋ, ಒಂದು ಕ್ಷೇತ್ರ ಚೆನ್ನಾಗಿ ಕಲಿತವರು ಹತ್ತು ವರ್ಷಕ್ಕೆ ಒಳ್ಳೆ ಸಂಬಳಕ್ಕೆ ಬರುತ್ತಾರೆ.

ಇನ್ನೊಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಂದೇ ದೊಡ್ಡ ಹೆಸರಿನ ಸಂಸ್ಥೆಗೆ ಬೆಂಗಳೂರಿನಲ್ಲೇ ಎರಡು ಮೂರು ಬೇರೆ ಘಟಕಗಳಿರುತ್ತವೆ. ಅಮೆರಿಕದ ಆಫೀಸಿನ ಕ್ಲೈಂಟುಗಳಿಗೆ ಇಲ್ಲಿಂದ ಕೆಲಸ ಮಾಡುವ ಘಟಕ ಒಂದು. ಭಾರತದ ಕ್ಲೈಂಟುಗಳ ಮುಂದೆ ಹೋಗಿ ಕೂರುವ ಘಟಕ ಇನ್ನೊಂದು. ಒಳಗಿನವರಿಗೆ ರಿಸರ್ಚ್ ಮಾಡಿಕೊಡುವುದು ಮತ್ತೊಂದು. ಬೋರ್ಡು ಒಂದೇ, ಸಂಬಳ ಬೇರೆ, ಹೊತ್ತು ಬೇರೆ, ಮೇಲೆ ಹತ್ತುವ ಮೆಟ್ಟಿಲೂ ಬೇರೆ. ಲೆಟರ್‌ನಲ್ಲಿ ಕಂಪನಿಯ ಪೂರ್ತಿ ಹೆಸರು ಏನಿದೆ ಅಂತ ಓದಿ, ಆ ಪೂರ್ತಿ ಹೆಸರಿನ ಘಟಕದಲ್ಲೇ ಕೆಲಸ ಮಾಡುವ ಸೀನಿಯರ್ ಒಬ್ಬರನ್ನು ಹುಡುಕಿ ಮಾತಾಡಿ.

ಇಂಟರ್‌ವ್ಯೂಗೆ ತೋಟದ ಲೆಕ್ಕ ಸಾಕು

ಕೇಸ್ ಇಂಟರ್‌ವ್ಯೂ ಅಂದರೆ ಹುಡುಗರು ಹೆದರುತ್ತಾರೆ. "ಕ್ಲೈಂಟಿನ ಲಾಭ ಬಿದ್ದಿದೆ, ಯಾಕೆ?" ಅಂತ ಕೇಳುತ್ತಾರೆ, ನೀವು ಜೋರಾಗಿ ಯೋಚನೆ ಮಾಡುತ್ತಾ ಬಿಡಿಸಬೇಕು. ನಿಮ್ಮ ಮನೆಯಲ್ಲಿ ಪ್ರತಿ ವರ್ಷ ಕಣದಲ್ಲಿ ನಿಂತು ಮಾಡುವುದು ಇದನ್ನೇ. ಈ ವರ್ಷ ತೋಟದಲ್ಲಿ ಏನೂ ಉಳಿಯಲಿಲ್ಲ. ಬಂದ ದುಡ್ಡು ಕಮ್ಮಿ ಆಯಿತಾ, ಖರ್ಚು ಜಾಸ್ತಿ ಆಯಿತಾ? ಬಂದದ್ದು ಕಮ್ಮಿ ಅಂದರೆ ರೇಟು ಬಿತ್ತಾ, ಫಸಲು ಬಿತ್ತಾ? ಫಸಲು ಬಿದ್ದಿದ್ದರೆ ಹೂಮಳೆ ತಡ ಆಯಿತಾ, ಕೊಯ್ಲಿನ ಹೊತ್ತಿಗೆ ಮಳೆ ಬಂದು ಹಣ್ಣು ಉದುರಿತಾ, ಕಾಂಡಕೊರಕ ಬಿತ್ತಾ? ಖರ್ಚು ಅಂದರೆ ಆಳಿನ ಕೂಲಿಯಾ, ಗೊಬ್ಬರವಾ? ಹೀಗೆ ಕವಲು ಒಡೆಸುತ್ತಾ ಹೋಗುವುದಕ್ಕೆ ಅವರು ಇಂಗ್ಲಿಷ್‌ನಲ್ಲಿ ಒಂದು ಹೆಸರು ಇಟ್ಟಿದ್ದಾರೆ, ಅಷ್ಟೇ. ಅಪ್ಪನ ಲೆಕ್ಕದ ಪುಸ್ತಕ ತೆಗೆದು ಮೂರು ವರ್ಷದ ಅಂಕಿ ಇಟ್ಟುಕೊಂಡು ಒಮ್ಮೆ ಮಾಡಿ ನೋಡಿ, ಯಾವ ಕೋಚಿಂಗ್‌ಗಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಅಂದಾಜಿನ ಪ್ರಶ್ನೆಗಳಿಗೂ ಊರಲ್ಲೇ ಅಭ್ಯಾಸ ಇದೆ. ಹಾಸನ ಬಸ್ ಸ್ಟ್ಯಾಂಡಿನಲ್ಲಿ ದಿನಕ್ಕೆ ಎಷ್ಟು ಲೋಟ ಕಾಫಿ ಖರ್ಚಾಗುತ್ತದೆ? ಗಂಟೆಗೆ 60 ಬಸ್ಸು ಅಂತ ಊಹಿಸಿ. ಒಂದರಿಂದ 20 ಜನ ಇಳಿಯುತ್ತಾರೆ ಅಂತ ಇಟ್ಟುಕೊಳ್ಳಿ. ಹತ್ತರಲ್ಲಿ ಒಬ್ಬರು ಕಾಫಿ ಕುಡಿಯುತ್ತಾರೆ, ಹದಿನಾರು ಗಂಟೆ ವ್ಯಾಪಾರ. 1,920 ಲೋಟ. ಅವರು ಸರಿ ಉತ್ತರ ನೋಡುವುದಿಲ್ಲ, ನೀವು ಹೇಗೆ ಬಿಡಿಸಿದಿರಿ, "ಬೆಳಗ್ಗೆ ಜಾಸ್ತಿ, ಮಧ್ಯಾಹ್ನ ಕಮ್ಮಿ" ಅಂತ ತಿದ್ದಿಕೊಂಡಿರಾ ಅನ್ನುವುದನ್ನು ನೋಡುತ್ತಾರೆ.

ಇಂಗ್ಲಿಷ್ ಬಗ್ಗೆ. ಕನ್ನಡ ಮೀಡಿಯಂನಲ್ಲಿ ಓದಿದವರು ಉಚ್ಚಾರಣೆಗೆ ತಲೆ ಕೆಡಿಸಿಕೊಳ್ಳುತ್ತಾರೆ. ಕೆಲಸದಲ್ಲಿ ಬೇಕಾಗುವುದು ಬೇರೆ. ಸಣ್ಣ ವಾಕ್ಯದಲ್ಲಿ ಮೇಲ್ ಬರೆಯುವುದು, ಮೀಟಿಂಗ್ ಮುಗಿದ ಅರ್ಧ ಗಂಟೆಯಲ್ಲಿ ಯಾರು ಏನು ಮಾಡಬೇಕು ಅಂತ ಐದು ಸಾಲು ಕಳಿಸುವುದು. ಇದು ಆರು ತಿಂಗಳಲ್ಲಿ ಕಲಿಯಬಹುದಾದ ವಿದ್ಯೆ. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವಳು.

ಗಂಟೆಯ ಲೆಕ್ಕ

ಇದು ಎಲ್ಲಕ್ಕಿಂತ ಮುಖ್ಯ, ನಿಧಾನವಾಗಿ ಓದಿ.

ವಾರಕ್ಕೆ 40 ಗಂಟೆ, ವರ್ಷಕ್ಕೆ 52 ವಾರ, ಒಟ್ಟು 2,080 ಗಂಟೆ. ಅದರಲ್ಲಿ ಎಷ್ಟು ಗಂಟೆಗೆ ಕ್ಲೈಂಟು ದುಡ್ಡು ಕೊಟ್ಟರು ಅನ್ನುವುದು ಯುಟಿಲೈಸೇಷನ್. ಶೇ. 80 ಗುರಿ ಇದ್ದರೆ 1,664 ಗಂಟೆ ಮಾರಾಟ ಆಗಬೇಕು. ಉದಾಹರಣೆಗೆ ನಿಮ್ಮ ಗಂಟೆಗೆ 1,500 ರೂಪಾಯಿ ಬಿಲ್ ಮಾಡಿದರು ಅಂತ ಇಟ್ಟುಕೊಳ್ಳಿ, ಒಂದು ತಿಂಗಳು ಪೂರ್ತಿ 160 ಗಂಟೆಯೂ ಮಾರಾಟ ಆದರೆ 2,40,000. ನಿಮಗೆ ಕಂಪನಿ ಖರ್ಚು ಮಾಡುವುದು ಐವತ್ನಾಲ್ಕು ಸಾವಿರ. ಇದನ್ನು ಕೇಳಿದ ತಕ್ಷಣ ಹುಡುಗರಿಗೆ ಸಿಟ್ಟು ಬರುತ್ತದೆ. ಆದರೆ ಆ ದುಡ್ಡಿನಲ್ಲೇ ಆಫೀಸು, ಕೆಲಸ ತರುವವರು, ಪ್ರಾಜೆಕ್ಟ್ ಇಲ್ಲದೆ ಕೂತವರು, ಮೇಲಿನ ಮ್ಯಾನೇಜರು, ಪಾರ್ಟ್‌ನರ್ (ಸಂಸ್ಥೆಯ ಪಾಲುದಾರರು) ಎಲ್ಲ ನಡೆಯಬೇಕು. ಮೇಲೆ ಒಬ್ಬ ಪಾರ್ಟ್‌ನರ್, ಕೆಳಗೆ ಕೆಲವು ಮ್ಯಾನೇಜರು, ಅವರ ಕೆಳಗೆ ತುಂಬಾ ಜನ ಹೊಸಬರು, ಗೋಪುರದ ಹಾಗೆ. ಸಿಟ್ಟು ಮಾಡಿಕೊಳ್ಳುವ ಬದಲು ನಿಮ್ಮ ಬಿಲ್ಲಿಂಗ್ ರೇಟ್ ಎಷ್ಟು ಅಂತ ತಿಳಿದುಕೊಳ್ಳಿ. ಎರಡನೇ ವರ್ಷ ಸಂಬಳ ಕೇಳುವಾಗ ಅದೇ ನಿಮ್ಮ ಕೈಯಲ್ಲಿರುವ ಆಧಾರ.

ಪ್ರಾಜೆಕ್ಟ್ ಸೇರುವ ದಿನವೇ ಮ್ಯಾನೇಜರನ್ನು ಒಂದು ಪ್ರಶ್ನೆ ಕೇಳಿ: ಇದು ಗಂಟೆ ಲೆಕ್ಕದ ಕಾಂಟ್ರಾಕ್ಟಾ, ಫಿಕ್ಸೆಡ್ ಪ್ರೈಸಾ (ಇಡೀ ಕೆಲಸಕ್ಕೆ ಮೊದಲೇ ಒಪ್ಪಿದ ಒಂದೇ ಮೊತ್ತ)? ಗಂಟೆ ಲೆಕ್ಕವಾದರೆ ಜಾಸ್ತಿ ಗಂಟೆಗೆ ಕ್ಲೈಂಟು ದುಡ್ಡು ಕೊಡಬೇಕು, ಅದಕ್ಕೇ ಕ್ಲೈಂಟಿನವರೇ ಗಂಟೆ ಹಿಡಿದಿಡುತ್ತಾರೆ. ಫಿಕ್ಸೆಡ್ ಪ್ರೈಸ್ ಆದರೆ ಕೆಲಸ ಉದ್ದ ಆದಷ್ಟೂ ಕಂಪನಿಯ ಲಾಭ ಕರಗುತ್ತದೆ, ಆ ಒತ್ತಡ ನೇರ ನಿಮ್ಮ ಶನಿವಾರ ಭಾನುವಾರದ ಮೇಲೆ ಬೀಳುತ್ತದೆ. ಎರಡನೆಯದಾದರೆ ಮೊದಲ ಎರಡು ವಾರದಲ್ಲೇ ಏನೇನು ಮಾಡಬೇಕು, ಏನು ಮಾಡಬೇಕಾಗಿಲ್ಲ ಅನ್ನುವ ಪಟ್ಟಿಯನ್ನು ಓದಿ ಇಟ್ಟುಕೊಳ್ಳಿ. ಕ್ಲೈಂಟು "ಇದೊಂದು ಸಣ್ಣದು ಸೇರಿಸಿ" ಅಂದಾಗ ಮ್ಯಾನೇಜರಿಗೆ ಬರವಣಿಗೆಯಲ್ಲಿ ತಿಳಿಸಿ. ಸಣ್ಣದು ಸಣ್ಣದು ಅಂತಲೇ ತಿಂಗಳು ಹೋಗುತ್ತದೆ.

ಇನ್ನು ಟೈಮ್‌ಶೀಟ್. ನನ್ನ ಎರಡನೇ ವರ್ಷದಲ್ಲಿ ಒಂದು ಪ್ರಾಜೆಕ್ಟಿನಲ್ಲಿ ಐದು ತಿಂಗಳು ದಿನಕ್ಕೆ ಹನ್ನೆರಡು ಗಂಟೆ ಕೆಲಸ ಮಾಡಿದೆ. ಟೈಮ್‌ಶೀಟ್‌ನಲ್ಲಿ ಎಂಟು ಬರೆದೆ, ಯಾಕೆಂದರೆ ಮೇಲಿನವರು "ಬಜೆಟ್ ಇಲ್ಲ, ಎಂಟೇ ಹಾಕು" ಅಂದಿದ್ದರು. ಒಳ್ಳೆ ಹೆಸರು ಬರುತ್ತದೆ ಅಂದುಕೊಂಡೆ. ವರ್ಷದ ಕೊನೆಗೆ ರಿವ್ಯೂನಲ್ಲಿ ಕೂತಾಗ ಹೇಳಿದ್ದೇನು ಗೊತ್ತಾ, ಪ್ರಾಜೆಕ್ಟ್ ಹಗುರ ಇತ್ತು, ಗಂಟೆ ನೋಡಿದರೆ ಗೊತ್ತಾಗುತ್ತದೆ ಅಂತ. ರೇಟಿಂಗ್ ಮಧ್ಯದಲ್ಲಿ ನಿಂತಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಮುಂದಿನ ವರ್ಷ ಅದೇ ಕ್ಲೈಂಟಿಗೆ ಅದೇ ತರಹದ ಕೆಲಸಕ್ಕೆ ನನ್ನ ಆ ಸುಳ್ಳು ಗಂಟೆ ನೋಡಿಯೇ ಅಂದಾಜು ಹಾಕಿದರು, ಇನ್ನಿಬ್ಬರು ಹುಡುಗಿಯರು ಅದೇ ಹನ್ನೆರಡು ಗಂಟೆಗೆ ಸಿಕ್ಕಿಕೊಂಡರು. ಅದು ಇವತ್ತಿಗೂ ನನಗೆ ನೋವು.

ಆ ಜನವರಿಯಲ್ಲಿ ಕೊಯ್ಲಿಗೆ ಅಂತ ಸಕಲೇಶಪುರದ ಹತ್ತಿರ ನಮ್ಮ ತೋಟಕ್ಕೆ ಹೋಗಿದ್ದೆ. ಸಂಜೆ ನಾಲ್ಕೂವರೆಗೆ ಹಣ್ಣು ಕೊಯ್ದವರೆಲ್ಲ ಚೀಲ ಹೊತ್ತು ಬಂದು ಸಾಲಾಗಿ ಕೂರುತ್ತಾರೆ. ಹಲಸಿನ ಮರದ ಕೊಂಬೆಗೆ ತಕ್ಕಡಿ ನೇತುಹಾಕಿರುತ್ತಾರೆ. ಒಬ್ಬೊಬ್ಬರ ಚೀಲ ಕೊಕ್ಕೆಗೆ ಸಿಕ್ಕಿಸಿ, ತೋಟದ ಲೆಕ್ಕ ಬರೆಯುವ ರೈಟರು ತೂಕವನ್ನು ಜೋರಾಗಿ ಓದಿ, ಹೆಸರಿನ ಮುಂದೆ ಪುಸ್ತಕದಲ್ಲಿ ಬರೆಯುತ್ತಾರೆ. ಚೀಲದ ಒಡತಿ ಪಕ್ಕದಲ್ಲೇ ನಿಂತು ತಕ್ಕಡಿಯ ಮುಳ್ಳನ್ನು ತಾನೇ ನೋಡುತ್ತಾಳೆ. ಅರ್ಧ ಕೆಜಿ ಕಮ್ಮಿ ಓದಿದರೂ "ಇನ್ನೊಂದ್ಸಲ ತೂಗಿ ಅಣ್ಣ" ಅನ್ನುತ್ತಾಳೆ, ಅವರೂ ತೂಗುತ್ತಾರೆ. ಯಾರಿಗೂ ಬೇಜಾರಿಲ್ಲ. ತೂಕ ಬರೆಸದೆ ಒಬ್ಬರೂ ಮನೆಗೆ ಹೋಗುವುದಿಲ್ಲ. ನಾನು ಐದು ತಿಂಗಳು ಬರೆಸದೆ ಹೋಗಿದ್ದೆ.

ಅವತ್ತಿನಿಂದ ನನ್ನದೊಂದು ಪುಸ್ತಕ ಇದೆ. ನೀವೂ ಇಡಿ. ದಿನಾ ಸಂಜೆ ಮೂರು ಸಾಲು ಸಾಕು: ಇವತ್ತು ಎಷ್ಟು ಗಂಟೆ, ಏನು ಮುಗಿಸಿದೆ, ಅದರಿಂದ ಯಾರಿಗೆ ಏನಾಯಿತು. ಟೈಮ್‌ಶೀಟ್‌ನಲ್ಲಿ ನಿಜವಾದ ಗಂಟೆ ಬರೆಯಿರಿ. ಕಮ್ಮಿ ಹಾಕು ಅಂದರೆ "ಸರಿ, ಜಾಸ್ತಿ ಆದ ಗಂಟೆಯನ್ನು ಬಿಲ್ ಆಗದ ಕೋಡ್‌ಗೆ ಹಾಕುತ್ತೇನೆ" ಅಂತ ಮೇಲ್ ಮಾಡಿ. ಜಗಳ ಬೇಡ. ದಾಖಲೆ ಇರಲಿ.

ಬೆಂಚ್‌ನಲ್ಲಿ ಕೂತಾಗ

ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವವರೆಗೆ ಬೆಂಚ್. ಹೊಸಬರು ಮೊದಲ ವಾರ ಖುಷಿಪಡುತ್ತಾರೆ, ಊರಿಗೆ ಬಂದು ಅಮ್ಮನ ಕೈ ಅಕ್ಕಿರೊಟ್ಟಿ ತಿಂದು ಹೋಗುತ್ತಾರೆ. ಬನ್ನಿ, ತಿನ್ನಿ, ಆದರೆ ಬರುವ ಮೊದಲು ಹತ್ತು ಮ್ಯಾನೇಜರಿಗೆ ಮೇಲ್ ಹಾಕಿ ಬನ್ನಿ. ಟಿಸಿಎಸ್ 2025ರ ಜೂನ್‌ನಲ್ಲಿ ವರ್ಷಕ್ಕೆ 225 ಬಿಲ್ಲಿಂಗ್ ದಿನ ಆಗಬೇಕು, ಬೆಂಚ್ 35 ದಿನ ಮೀರಬಾರದು ಅಂತ ನಿಯಮ ಮಾಡಿತು. ಬೇರೆ ಕಡೆ ಹೀಗೆ ಬರೆದಿಡದಿದ್ದರೂ ಲೆಕ್ಕ ಇಡುತ್ತಾರೆ. ಪ್ರಾಜೆಕ್ಟ್ ಮುಗಿಯುವ ಆರು ವಾರ ಮೊದಲೇ ಹುಡುಕಲು ಶುರು ಮಾಡಿ. ಪ್ರಾಜೆಕ್ಟ್ ಹಂಚುವವರಿಗೆ ನಿಮ್ಮ ಮುಖ ಗೊತ್ತಿರಬೇಕು. ಯಾರೂ ಕರೆಯದಿದ್ದರೆ ಪ್ರಪೋಸಲ್ (ಹೊಸ ಕೆಲಸ ಕೇಳಿ ಕ್ಲೈಂಟಿಗೆ ಕೊಡುವ ಪ್ರಸ್ತಾವ) ಬರೆಯುವ ತಂಡಕ್ಕೆ "ನಾನು ಸಹಾಯ ಮಾಡುತ್ತೇನೆ" ಅಂತ ಹೋಗಿ. ಕೆಲಸ ಎಲ್ಲಿಂದ ಬರುತ್ತದೆ ಅನ್ನುವುದು ಅಲ್ಲೇ ಕಾಣುವುದು. ಪ್ರಪೋಸಲ್ ಗೆದ್ದರೆ ಮೊದಲ ಸೀಟು ನಿಮಗೇ.

ಪ್ರಮೋಷನ್

ಅನಲಿಸ್ಟ್, ಕನ್ಸಲ್ಟೆಂಟ್, ಸೀನಿಯರ್ ಕನ್ಸಲ್ಟೆಂಟ್, ಮ್ಯಾನೇಜರ್, ಸೀನಿಯರ್ ಮ್ಯಾನೇಜರ್, ಡೈರೆಕ್ಟರ್, ಪಾರ್ಟ್‌ನರ್. ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಮೆಟ್ಟಿಲು ಹೆಚ್ಚು ಕಮ್ಮಿ ಇದೇ. ಕೆಳಗಿನ ಮೆಟ್ಟಿಲುಗಳಲ್ಲಿ ಎರಡು ಮೂರು ವರ್ಷಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಮೊದಲ ಎರಡರಲ್ಲಿ ಹೇಳಿದ್ದನ್ನು ತಪ್ಪಿಲ್ಲದೆ ಮಾಡಿದರೆ ಸಾಕು. ಮೂರನೆಯದರಿಂದ ಒಂದು ಭಾಗವನ್ನು ಪೂರ್ತಿ ನೀವೇ ಹೊರಬೇಕು. ಮ್ಯಾನೇಜರ್ ಆದ ಮೇಲೆ ಜನ ನೋಡಿಕೊಳ್ಳಬೇಕು, ಅದರ ಮೇಲೆ ಹೋದರೆ ಕೆಲಸ ತರಬೇಕು. ಚೆನ್ನಾಗಿ ಕೋಡ್ ಬರೆಯುವವರು ಮ್ಯಾನೇಜರ್ ಮೆಟ್ಟಿಲಲ್ಲಿ ನಿಂತುಬಿಡುವುದು ಇದಕ್ಕೇ. ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್‌ನಲ್ಲಂತೂ ನಿಂತಲ್ಲೇ ನಿಲ್ಲಲು ಬಿಡುವುದಿಲ್ಲ, ಮೇಲೆ ಹೋಗಬೇಕು ಇಲ್ಲವೇ ಹೊರಗೆ ಹೋಗಬೇಕು.

ಪ್ರಮೋಷನ್ ತೀರ್ಮಾನ ಆಗುವುದು ನೀವು ಇಲ್ಲದ ಒಂದು ಕೋಣೆಯಲ್ಲಿ. ಹತ್ತು ಮ್ಯಾನೇಜರು ಕೂತು ಮೂವತ್ತು ಹೆಸರು ಹಿಡಿದು ಮಾತಾಡುತ್ತಾರೆ, ಜಾಗ ಎಂಟೋ ಹತ್ತೋ ಇರುತ್ತದೆ. ನಿಮ್ಮ ಹೆಸರು ಬಂದಾಗ ಇಬ್ಬರಾದರೂ "ಅವಳು ನನಗೆ ಗೊತ್ತು, ಇಂಥದ್ದು ಮಾಡಿದಳು" ಅನ್ನಬೇಕು. ಒಬ್ಬರೇ ಅಂದರೆ ಸಾಲದು. ಅದಕ್ಕೇ ವರ್ಷಕ್ಕೆ ಒಂದಾದರೂ ಸಣ್ಣ ಕೆಲಸವನ್ನು ನಿಮ್ಮ ತಂಡದ ಹೊರಗಿನವರಿಗೆ ಮಾಡಿಕೊಡಿ. ವರ್ಷದ ಶುರುವಿನಲ್ಲಿ ಮ್ಯಾನೇಜರ್ ಹತ್ತಿರ ಕೂತು "ಮುಂದಿನ ಗ್ರೇಡಿಗೆ ನನ್ನಲ್ಲಿ ಏನು ಕಮ್ಮಿ ಇದೆ" ಅಂತ ಕೇಳಿ. ಅವರು ಹೇಳಿದ್ದನ್ನು ಆವತ್ತೇ ಮೇಲ್ ಮಾಡಿ. ಮೂರು ತಿಂಗಳಿಗೊಮ್ಮೆ ಅದೇ ಮೇಲ್‌ಗೆ ಉತ್ತರವಾಗಿ, ಪುಸ್ತಕ ನೋಡಿ, ಏನಾಯಿತು ಅಂತ ಬರೆಯಿರಿ. ನಮ್ಮ ಕಡೆಯ ಮಕ್ಕಳಿಗೆ ಕೇಳುವುದಕ್ಕೆ ಸಂಕೋಚ. ಕೆಲಸ ನೋಡಿ ಅವರೇ ಕೊಡುತ್ತಾರೆ ಅಂತ ಕಾಯುತ್ತೇವೆ. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು.

ಈಗ ಇನ್ನೊಂದು ಬದಲಾವಣೆ ಇದೆ. ಸ್ಲೈಡ್ ಮಾಡುವುದು, ಮೀಟಿಂಗ್ ಟಿಪ್ಪಣಿ, ಮೊದಲ ಹಂತದ ರಿಸರ್ಚ್, ಹೊಸಬರು ಮಾಡುತ್ತಿದ್ದ ಈ ಕೆಲಸವನ್ನು ಎಐ ಮಾಡುತ್ತಿದೆ. ಮೆಕಿನ್ಸಿಯವರು 2023ರಲ್ಲೇ ಲಿಲ್ಲಿ ಅನ್ನುವ ಒಳಬಳಕೆಯ ಎಐ ತಂದರು. ಗೋಪುರದ ಬುಡ ತೆಳ್ಳಗಾಗುತ್ತದೆ. ಆದ್ದರಿಂದ ಬಂದ ಅಂಕಿ ಸರಿಯಾ ಅಂತ ತಾಳೆ ನೋಡುವುದನ್ನು, ಕ್ಲೈಂಟಿನ ಕಡೆಯ ಮನುಷ್ಯರ ಜೊತೆ ಕೂತು ನಿಜವಾದ ತೊಂದರೆ ಏನು ಅಂತ ಕೇಳಿ ತಿಳಿಯುವುದನ್ನು ಮೊದಲ ವರ್ಷದಿಂದಲೇ ಕಲಿಯಿರಿ.

ರಾತ್ರಿ ಕಾಲ್, ಊರು, ಮನೆ

ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ ಒಂಬತ್ತು ಅಂದರೆ ನಮಗೆ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಅವರು ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರ ತಿರುಗಿಸುತ್ತಾರೆ. ಅಮೆರಿಕದ ಕ್ಲೈಂಟು ಅಂದರೆ ನಿಮ್ಮ ಸಂಜೆ ಹೋಯಿತು ಅಂತಲೇ ತಿಳಿಯಿರಿ. ಬದಲಿಗೆ ಬೆಳಗ್ಗೆಯನ್ನು ಉಳಿಸಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಕಾಲ್ ಮುಗಿಸಿದವರು ಬೆಳಗ್ಗೆ ಹತ್ತೂವರೆಗೆ ಮೊದಲು ಮೀಟಿಂಗ್ ಒಪ್ಪಬೇಡಿ, ಕ್ಯಾಲೆಂಡರ್‌ನಲ್ಲಿ ಆ ಹೊತ್ತು ಮುಚ್ಚಿಡಿ. ಲಂಡನ್ ಕ್ಲೈಂಟಾದರೆ ಅವರ ಒಂಬತ್ತು ಗಂಟೆ ನಮಗೆ ಮಧ್ಯಾಹ್ನ ಒಂದೂವರೆ ಎರಡೂವರೆ, ಸ್ವಲ್ಪ ನೆಮ್ಮದಿ. ಹೆಣ್ಣುಮಕ್ಕಳು ಒಂದು ನೆನಪಿಡಿ. ರಾತ್ರಿ ಪಾಳಿಗೆ ಕಂಪನಿಯೇ ವಾಹನ, ಭದ್ರತೆ ಕೊಡಬೇಕು ಅನ್ನುವ ಷರತ್ತು ಕರ್ನಾಟಕದಲ್ಲಿ ಇದೆ. ಕೇಳುವುದು ನಿಮ್ಮ ಹಕ್ಕು, ಹಿಂಜರಿಯಬೇಡಿ.

ಊರಿಂದ ಕೆಲಸ ಮಾಡಲು ಬಿಡುವ ಕಂಪನಿಯಾದರೆ ಎರಡು ಇಂಟರ್ನೆಟ್ ಇರಲಿ, ಒಂದು ಫೈಬರ್, ಇನ್ನೊಂದು ಬೇರೆ ಕಂಪನಿಯ ಸಿಮ್. ಇನ್ವರ್ಟರ್ ಬೇಕೇ ಬೇಕು. ಸಕಲೇಶಪುರ ಕಡೆ ಜುಲೈ ಮಳೆಯಲ್ಲಿ ಮರ ಬಿದ್ದು ಲೈನ್ ಹೋದರೆ ಎರಡು ದಿನ ಬರುವುದಿಲ್ಲ, ಆ ತಿಂಗಳು ಹಾಸನ ಪೇಟೆಯಲ್ಲಿ ನೆಂಟರ ಮನೆಯೊಂದನ್ನು ಮಾತಾಡಿ ಇಟ್ಟುಕೊಳ್ಳಿ. ಸೋಮವಾರ ಬೆಳಗಿನ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೆಗೆದು ಕ್ಲೈಂಟಿನ ಫೈಲ್ ನೋಡಬೇಡಿ. ಪಕ್ಕದ ಸೀಟಿನವರಿಗೆ ಎಲ್ಲ ಕಾಣುತ್ತದೆ, ಈ ಕೆಲಸದಲ್ಲಿ ಗುಟ್ಟು ಬಿಟ್ಟುಕೊಟ್ಟರೆ ಕ್ಷಮೆ ಇಲ್ಲ.

ಹಬ್ಬಕ್ಕೆ, ಕೊಯ್ಲಿಗೆ ಬೇಕಾದ ರಜೆಯನ್ನು ಪ್ರಾಜೆಕ್ಟ್ ಸೇರುವಾಗಲೇ ಹೇಳಿ. ಮೊದಲ ದಿನ ಹೇಳಿದರೆ ಪ್ಲಾನ್‌ನಲ್ಲಿ ಸೇರುತ್ತದೆ. ಹಿಂದಿನ ವಾರ ಹೇಳಿದರೆ ಉಪಕಾರ ಕೇಳಿದ ಹಾಗೆ ಆಗುತ್ತದೆ.

ಬಿಟ್ಟು ಹೋಗುವಾಗ

ಒಂದೇ ಕಡೆ ಇದ್ದರೆ ಸಂಬಳ ನಿಧಾನ ಏರುತ್ತದೆ, ಬದಲಾಯಿಸಿದರೆ ಒಮ್ಮೆಲೇ ಏರುತ್ತದೆ, ಇದು ನಿಜ. ಐಟಿ ಸರ್ವೀಸ್ ಕಂಪನಿಗಳ ಹೊಸಬರ ಸಂಬಳವಂತೂ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಹತ್ತು ವರ್ಷಕ್ಕೂ ಜಾಸ್ತಿ ನಿಂತಿದೆ. ಆದರೂ ವರ್ಷಕ್ಕೊಂದು ಕಂಪನಿ ಬೇಡ. ಒಂದು ಪ್ರಾಜೆಕ್ಟನ್ನು ಶುರುವಿಂದ ಕೊನೆಯವರೆಗೆ ನೋಡಿದ ಅನುಭವ ಇಲ್ಲದಿದ್ದರೆ ಮ್ಯಾನೇಜರ್ ಮೆಟ್ಟಿಲಲ್ಲಿ ಗೊತ್ತಾಗಿಬಿಡುತ್ತದೆ. ಎರಡು, ಎರಡೂವರೆ ವರ್ಷ ಇರಿ. ನೋಟಿಸ್ ಪೀರಿಯಡ್ ಬಹಳ ಕಡೆ 90 ದಿನ, ಅದನ್ನು ಹೊಸ ಕಂಪನಿಗೆ ಮೊದಲೇ ಹೇಳಿ. ಹೊಸ ಆಫರ್ ಲೆಟರ್ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ, ಬಾಯಿಮಾತಿಗೆ ಬೆಲೆ ಇಲ್ಲ. ಹೊರಡುವಾಗ ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಮೂರು ಪೇಸ್ಲಿಪ್, ಸಂಬಳದಿಂದ ಕಳೆದ ತೆರಿಗೆಯ ಪತ್ರ ತೆಗೆದುಕೊಳ್ಳಿ. ಪಿಎಫ್ ದುಡ್ಡು ಬಿಡಿಸಿಕೊಳ್ಳಬೇಡಿ, ಅದೇ ಯುಎಎನ್‌ಗೆ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ವರ್ಗಾಯಿಸಿ. ಸುಳ್ಳು ಅನುಭವ ತೋರಿಸುವ ಏಜೆಂಟರ ಹತ್ತಿರ ಹೋಗಲೇಬೇಡಿ, ಹಳೆಯ ಕಂಪನಿಗಳಿಗೆಲ್ಲ ಫೋನ್ ಮಾಡಿ ಪರಿಶೀಲಿಸುತ್ತಾರೆ, ಸೇರಿ ವರ್ಷ ಆದ ಮೇಲೆ ಗೊತ್ತಾದರೂ ತೆಗೆಯುತ್ತಾರೆ.

ನಮ್ಮ ಹುಡುಗ ಅವತ್ತು ರಾತ್ರಿಯೇ ಎಚ್‌ಆರ್‌ಗೆ ಮೇಲ್ ಹಾಕಿದ. ಮೂರು ದಿನಕ್ಕೆ ಉತ್ತರ ಬಂತು. ಹೋದ ವರ್ಷ ವೇರಿಯಬಲ್ ಶೇ. 70 ಕೊಟ್ಟಿದ್ದರಂತೆ, ಜಾಯಿನಿಂಗ್ ಬೋನಸ್ ಹದಿನೆಂಟು ತಿಂಗಳೊಳಗೆ ಬಿಟ್ಟರೆ ವಾಪಸ್. ಗ್ರೇಡ್ ಅನಲಿಸ್ಟ್. ಸಹಿ ಹಾಕಿ ಕಳಿಸಿದ. ಚಿಕ್ಕಪ್ಪ ಕಾರಿನ ಮಾತು ಮುಂದಿನ ವರ್ಷಕ್ಕೆ ಇಟ್ಟರು. ಗೋಡೆಯ ಕ್ಯಾಲೆಂಡರಿನ ಹಿಂದೆ 36,800 ಅಂತ ಬರೆದು, ಅದರ ಕೆಳಗೆ ಪಿಜಿ, ಊಟ, ಬಸ್ ಚಾರ್ಜು ಅಂತ ಒಂದೊಂದೇ ಕಳೆಯುತ್ತಾ ಕೂತಿದ್ದರು.